ಟ್ರಯಲ್ಸ್ ಬೈಕನ್ನು ಈವೆಂಟಿಗೆ ಸಾಗಿಸೋದು ಹೇಗೆ? ಗಾಡಿ ಆಯ್ಕೆಯಿಂದ ವಾಪಸ್ ಮನೆ ಸೇರುವವರೆಗೆ

ಟ್ರಯಲ್ಸ್ ಅಂದರೆ ಬಂಡೆ, ಕಲ್ಲು, ಇಳಿಜಾರಿನ ಮೇಲೆ ಕಾಲು ನೆಲಕ್ಕೆ ಊರದೆ ಬೈಕ್ ಓಡಿಸುವ ಸ್ಪರ್ಧೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹುಡುಗರಿಂದ ಒಂದೇ ಥರದ ದೂರು ಮತ್ತೆ ಮತ್ತೆ ಬರುತ್ತಿದೆ. ಈವೆಂಟ್ ಜಾಗ ತಲುಪುವಷ್ಟರಲ್ಲಿ ಕ್ಲಚ್ ಲಿವರ್ ಮುರಿದಿತ್ತು. ಟಾಟಾ ಏಸ್ ಒಳಗೆ ಬೈಕ್ ಮಗುಚಿಕೊಂಡಿತ್ತು. ಗಟ್ಟಿಯಾಗೇ ಕಟ್ಟಿದ್ದೆವು, ದಾಬಸ್‌ಪೇಟೆ ದಾಟುವಷ್ಟರಲ್ಲಿ ಬೆಲ್ಟ್ ಸಡಿಲ ಆಗಿತ್ತು. ಸಂಜೆ ವಾಪಸ್ ಹತ್ತಿಸೋಕೆ ಜನ ಇರಲಿಲ್ಲ.

ವಿಚಾರಿಸಿದರೆ ಹೆಚ್ಚಿನವರು ಮಾಡಿರುವುದು ಒಂದೇ. ಮೊದಲು ಯಾವುದೋ ಗಾಡಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ, ಆಮೇಲೆ ಬೈಕನ್ನು ಅದರೊಳಗೆ ಹೇಗೋ ತುರುಕಿದ್ದಾರೆ. ಕ್ರಮವೇ ಉಲ್ಟಾ. ಬೈಕಿನ ಅಳತೆ ಮೊದಲು, ಇಳಿಸುವ ಜಾಗ ಆಮೇಲೆ, ಜೊತೆಗೆ ಯಾರಿರುತ್ತಾರೆ ಅನ್ನೋದು ಅದರ ನಂತರ. ಗಾಡಿ ಯಾವುದು ಅನ್ನುವ ಪ್ರಶ್ನೆ ಕೊನೆಗೆ ಬರಲಿ. ಅಷ್ಟೊತ್ತಿಗೆ ಅರ್ಧಕ್ಕರ್ಧ ಗಾಡಿಗಳು ತಾವೇ ಲಿಸ್ಟಿನಿಂದ ಹೊರಗೆ ಹೋಗಿರುತ್ತವೆ.

ಓಡಿಸಿಕೊಂಡೇ ಹೋಗಬಹುದಾ?

ಬೇಡ. ಸ್ಪರ್ಧೆಗೆಂದೇ ಮಾಡಿದ ಟ್ರಯಲ್ಸ್ ಬೈಕಿಗೆ ಇಲ್ಲಿ ನೋಂದಣಿ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 39ರ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಊರೊಳಗಿನ ರಸ್ತೆಯೂ ಸಾರ್ವಜನಿಕ ರಸ್ತೆಯೇ, "ಬರೀ ಒಂದು ಕಿಲೋಮೀಟರ್ ಅಲ್ವಾ" ಅನ್ನೋ ಮಾತು ನಡೆಯೋದಿಲ್ಲ. ಕಾನೂನು ಬಿಡಿ, ಬೈಕೂ ಅದಕ್ಕೆ ಆಗಿಬರೋದಿಲ್ಲ. ಕೂರೋಕೆ ಸೀಟಿಲ್ಲ, ಟ್ಯಾಂಕಿಗೆ ಎರಡು ಮೂರು ಲೀಟರ್ ಹಿಡಿಸಿದರೆ ಹೆಚ್ಚು, ಗೇರುಗಳು ಬಂಡೆ ಹತ್ತೋ ಲೆಕ್ಕದವು. ಹೈವೇ ಮೇಲೆ ಕಿರುಚುತ್ತದೆ, ಬಿಸಿಯಾಗುತ್ತದೆ.

ನಿಮ್ಮದು ನಂಬರ್ ಪ್ಲೇಟ್ ಇರುವ ಹೀರೋ ಎಕ್ಸ್‌ಪಲ್ಸ್ ಥರದ ಬೈಕ್ ಆಗಿದ್ದರೆ ಓಡಿಸಿಕೊಂಡೇ ಹೋಗಿ. ಅದನ್ನು ಗಾಡಿಗೆ ಹತ್ತಿಸುವುದಾದರೆ ಕೆಳಗಿನ ಲೆಕ್ಕವೆಲ್ಲ ಬೇರೆಯಾಗುತ್ತದೆ, ಯಾಕೆಂದರೆ ಅದರ ತೂಕ ಟ್ರಯಲ್ಸ್ ಬೈಕಿನ ಎರಡರಷ್ಟು.

ಹಂತ 1: ಟೇಪ್ ಹಿಡಿದು ಬೈಕ್ ಅಳೆಯಿರಿ

ಈಗಿನ ಟ್ರಯಲ್ಸ್ ಬೈಕುಗಳ ತೂಕ ಸಾಮಾನ್ಯವಾಗಿ 65ರಿಂದ 75 ಕೆ.ಜಿ. ಉದ್ದ ಸುಮಾರು 2 ಮೀಟರ್, ಅಂದರೆ ಆರೂವರೆ ಅಡಿ. ಹ್ಯಾಂಡಲ್ ಅಗಲ 80 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇದು ಅಂದಾಜು ಮಾತ್ರ. ನಿಮ್ಮ ಬೈಕನ್ನು ನೀವೇ ಅಳೆಯಿರಿ.

ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ. ಮುಂದಿನ ಟೈರಿನ ತುದಿಯಿಂದ ಹಿಂದಿನ ಮಡ್‌ಗಾರ್ಡ್ ತುದಿಯವರೆಗಿನ ಉದ್ದ. ಹ್ಯಾಂಡಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಗಲ. ನೆಲದಿಂದ ಹ್ಯಾಂಡಲ್‌ನ ಅತಿ ಎತ್ತರದ ಜಾಗದವರೆಗೆ ಎತ್ತರ. ಜೊತೆಗೆ, ಮುಂದಿನ ಚಕ್ರ ಬಿಚ್ಚಿದರೆ ಉದ್ದ ಎಷ್ಟಾಗುತ್ತದೆ ಅನ್ನೋದು. ಚಕ್ರ ಬಿಚ್ಚಿದರೆ ಹೆಚ್ಚುಕಮ್ಮಿ ಒಂದಡಿ ಉಳಿಯುತ್ತದೆ. ಗಾಡಿಯೊಳಗೆ ಬೈಕ್ ಹಿಡಿಸುತ್ತದೋ ಇಲ್ಲವೋ ಅನ್ನೋದು ಎಷ್ಟೋ ಸಲ ಆ ಒಂದಡಿಯಲ್ಲೇ ತೀರ್ಮಾನ ಆಗುತ್ತದೆ.

ಎತ್ತರವನ್ನು ಅಳೆಯೋದೇ ಎಲ್ಲರೂ ಮರೆಯುವ ಕೆಲಸ. ತೆರೆದ ಪಿಕಪ್ ಆದರೆ ಅದು ಲೆಕ್ಕಕ್ಕಿಲ್ಲ. ವ್ಯಾನ್ ಆದರೆ ಹಿಂಬಾಗಿಲ ಹತ್ತಿರವೇ ಹ್ಯಾಂಡಲ್ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 2: ಇಳಿಸುವ ಜಾಗ ಹೇಗಿದೆ ಅಂತ ತಿಳಿದುಕೊಳ್ಳಿ

ನಮ್ಮ ಕಡೆ ಟ್ರಯಲ್ಸ್ ಓಡಿಸಲು ಬೇಕಾಗಿರುವುದು ಬಂಡೆ, ಕಲ್ಲು, ಇಳಿಜಾರು. ಅಂಥ ಜಾಗಕ್ಕೆ ಡಾಂಬರು ರಸ್ತೆ ಇರುವುದು ಕಡಿಮೆ. ನಿಂತುಹೋದ ಕಲ್ಲು ಕ್ವಾರಿ, ಯಾರದೋ ಹೊಲದ ಪಕ್ಕದ ಬಂಡೆ ಸಾಲು, ಇಲ್ಲಾಂದ್ರೆ ಕೆರೆ ಏರಿ ಮೇಲಿನ ಮಣ್ಣು ದಾರಿ ದಾಟಿ ಸಿಗುವ ಬಯಲು. ಹೈವೇಯಿಂದ ಇಳಿದ ಮೇಲಿನ ಕೊನೇ ಎರಡು ಮೂರು ಕಿಲೋಮೀಟರೇ ಗಾಡಿ ಯಾವುದು ಅಂತ ಹೇಳಿಬಿಡುತ್ತದೆ.

ಆಯೋಜಕರಿಗೆ ಫೋನ್ ಮಾಡಿ ನೇರವಾಗಿ ಕೇಳಿ. ಗಾಡಿ ಎಲ್ಲಿಯವರೆಗೆ ಬರುತ್ತದೆ? ಮಳೆ ಬಂದರೆ ಆ ದಾರಿ ಕೆಸರಾಗುತ್ತಾ? ತಿರುಗಿಸಿಕೊಳ್ಳಲು ಜಾಗ ಇದೆಯಾ? ಎತ್ತರದ ದಿಣ್ಣೆ ಅಥವಾ ಜಗಲಿ ಥರದ್ದು ಏನಾದರೂ ಇದೆಯಾ? ಕೊನೆಯ ಪ್ರಶ್ನೆ ಕೇಳೋಕೆ ಸಣ್ಣದು, ಉಪಯೋಗ ದೊಡ್ಡದು. ಗಾಡಿಯ ಹಿಂಬದಿಯನ್ನು ದಿಣ್ಣೆಗೆ ಕೊಟ್ಟು ನಿಲ್ಲಿಸಿದರೆ ಬೈಕ್ ಹತ್ತಿಸಿ ಇಳಿಸುವ ಹಲಗೆಯ ಇಳಿಜಾರು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೆಲವು ಕಡೆ ಹಲಗೆಯೇ ಬೇಕಾಗೋದಿಲ್ಲ.

ಇಲ್ಲೇ ಒಂದು ಮಾತು. ಅಂತರಗಂಗೆ, ದೇವರಾಯನದುರ್ಗ, ಸ್ಕಂದಗಿರಿ ಕಡೆಯ ಬಂಡೆ ನೋಡಿ ಆಸೆ ಆಗೋದು ಸಹಜ. ಅಲ್ಲೆಲ್ಲ ಅರಣ್ಯ ಇಲಾಖೆಯ ಜಾಗ ಇದೆ. ಅನುಮತಿ ಇಲ್ಲದೆ ಬೈಕ್ ಇಳಿಸಬೇಡಿ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಇದೆಯೇ ಅಂತ ಹೊರಡುವ ಮುಂಚೆಯೇ ಖಚಿತ ಮಾಡಿಕೊಳ್ಳಿ.

ಹಂತ 3: ಸಂಜೆ ಎಷ್ಟು ಕೈ ಇರುತ್ತವೆ?

ಬೆಳಿಗ್ಗೆ ಮನೆ ಹತ್ತಿರ ತಮ್ಮ ಇರುತ್ತಾನೆ, ಪಕ್ಕದ ಮನೆಯವರೂ ಒಂದು ಕೈ ಕೊಡುತ್ತಾರೆ. ಸಂಜೆ ಐದಕ್ಕೆ ಬಂಡೆ ಮೇಲೆ ದಿನವೆಲ್ಲ ಒದ್ದಾಡಿ ತೋಳು ನಡುಗುತ್ತಿರುವಾಗ, ಜೊತೆಯವರು ಅವರವರ ಬೈಕ್ ಹತ್ತಿಸಿಕೊಳ್ಳುವ ಅವಸರದಲ್ಲಿರುವಾಗ, ನಿಮ್ಮ ಬೈಕನ್ನು ಹತ್ತಿಸೋರು ಯಾರು? ಇದಕ್ಕೆ ಉತ್ತರ "ನಾನೊಬ್ಬನೇ" ಅಂತಾದರೆ ಎತ್ತರದ ಗಾಡಿ ಬೇಡವೇ ಬೇಡ. ಇಬ್ಬರಿದ್ದರೆ ಯಾವುದಾದರೂ ಆದೀತು. ಡ್ರೈವರ್ ಸಹಾಯ ಮಾಡುತ್ತಾರೆ ಅಂತ ನೀವೇ ಅಂದುಕೊಳ್ಳಬೇಡಿ, ಬಾಡಿಗೆ ಮಾತಾಡುವಾಗಲೇ ಕೇಳಿಬಿಡಿ.

ಹಂತ 4: ಈಗ ಗಾಡಿ ಆರಿಸಿ

ಟಾಟಾ ಏಸ್. ಒಂದು ಅಥವಾ ಎರಡು ಬೈಕಿಗೆ ನನ್ನ ಮೊದಲ ಆಯ್ಕೆ ಇದೇ. ಬಾಡಿ ಉದ್ದ ಸುಮಾರು ಏಳಡಿ, ಬೈಕ್ ಆರೂವರೆ ಅಡಿ, ಹಿಂದಿನ ಡೋರ್ ಮುಚ್ಚುತ್ತದೆ. ಎತ್ತರ ಕಡಿಮೆ, ಊರ ಒಳದಾರಿಯಲ್ಲಿ ಸಲೀಸಾಗಿ ತಿರುಗುತ್ತದೆ. ಎರಡು ಬೈಕ್ ಇಡುವುದಾದರೆ ಒಂದರ ಮುಖ ಮುಂದಕ್ಕೆ, ಇನ್ನೊಂದರ ಮುಖ ಹಿಂದಕ್ಕೆ ಇಡಿ. ಒಂದೇ ಕಡೆ ಮುಖ ಮಾಡಿಟ್ಟರೆ ಎರಡು ಹ್ಯಾಂಡಲ್ ಸೇರಿ ಗಾಡಿಯ ಅಗಲವನ್ನೇ ಮೀರುತ್ತವೆ. ಒಂದು ಬೈಕಿನ ಫುಟ್‌ರೆಸ್ಟ್ ಇನ್ನೊಂದರ ಚಕ್ರದ ಕಡ್ಡಿಗಳ ಒಳಗೆ ಹೋಗಿ ಕೂತಿದೆಯೇ ಅಂತ ಬಗ್ಗಿ ನೋಡಿ. ಆ ಫುಟ್‌ರೆಸ್ಟಿನ ಹಲ್ಲುಗಳು ಮೊದಲ ಹಂಪ್ಸ್‌ನಲ್ಲೇ ಕಡ್ಡಿ ಬಗ್ಗಿಸುತ್ತವೆ.

ಇದೇ ಸಾಲಿನ ಇನ್ನೂ ಸಣ್ಣ ಗಾಡಿಗಳಲ್ಲಿ ಬಾಡಿ ಗಿಡ್ಡ ಇರುತ್ತದೆ. ಹೆಸರು ಕೇಳಿ ಒಪ್ಪಿಕೊಳ್ಳಬೇಡಿ, ಟೇಪ್ ಹಿಡಿದು ನೋಡಿ.

ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್. ಮೂರು ಬೈಕ್, ಜೊತೆಗೆ ಟೂಲ್ಸ್, ಟೆಂಟು, ನೀರಿನ ಕ್ಯಾನ್ ಎಲ್ಲ ಇದ್ದರೆ ಇದು ಸರಿ. ದೂರದ ದಾರಿಗೆ ಹಾಗೂ ಕೆಟ್ಟ ರಸ್ತೆಗೆ ಏಸ್‌ಗಿಂತ ಗಟ್ಟಿ. ಆದರೆ ಬಾಡಿ ಎತ್ತರ. ಜೊತೆಗೆ ಟನ್‌ಗಟ್ಟಲೆ ಲೋಡಿಗೆಂದು ಹಾಕಿದ ಸ್ಪ್ರಿಂಗ್ ಪಟ್ಟಾಗಳು 70 ಕೆ.ಜಿ. ಬೈಕಿಗೆ ಬಗ್ಗೋದೇ ಇಲ್ಲ. ಖಾಲಿ ಪಿಕಪ್ ಹಂಪ್ಸ್ ಮೇಲೆ ಹೇಗೆ ಎಗರುತ್ತದೆ ಅಂತ ನೋಡಿದ್ದೀರಲ್ಲ, ಆ ಎಗರಾಟವೆಲ್ಲ ನಿಮ್ಮ ಬೆಲ್ಟುಗಳ ಮೇಲೆ ಬೀಳುತ್ತದೆ. ಒಂದೇ ಬೈಕಿಗೆ ಇದನ್ನು ತರಿಸೋದು ಸುಮ್ನೆ ದುಡ್ಡು ದಂಡ.

ಡಬಲ್ ಕ್ಯಾಬ್ ಪಿಕಪ್, ಅಂದರೆ ಎರಡು ಸಾಲು ಸೀಟಿರುವುದು. ಸ್ನೇಹಿತರ ಹತ್ತಿರ ವಿ-ಕ್ರಾಸ್ ಅಥವಾ ಹೈಲಕ್ಸ್ ಇದ್ದರೆ ಖುಷಿಯಾಗುತ್ತದೆ, ಆದರೆ ಇವುಗಳ ಹಿಂಭಾಗ ಬರೀ ಐದಡಿಯಷ್ಟು. ಬೈಕ್ ನೇರ ನಿಲ್ಲಿಸಿದರೆ ಹಿಂದಿನ ಚಕ್ರ ಹೊರಗೆ ಬರುತ್ತದೆ, ಮೂಲೆಯಿಂದ ಮೂಲೆಗೆ ಅಡ್ಡ ಇಟ್ಟರೆ ಹೆಚ್ಚುಕಮ್ಮಿ ಹಿಡಿಸುತ್ತದೆ. ಡೋರ್ ಇಳಿಬಿಟ್ಟು ಹೊರಗೆ ಚಾಚಿಕೊಂಡು ಹೋಗಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಿತಿ ಮೀರಿ ಹೊರಗೆ ಚಾಚಿದ ಲೋಡಿಗೆ 20,000 ರೂಪಾಯಿ ದಂಡ ಇದೆ. ಲೈಟು, ನಂಬರ್ ಪ್ಲೇಟ್ ಮರೆಯಾಗೋದು ಬೇರೆ.

ವ್ಯಾನ್. ಓಮ್ನಿ, ಇಕೋ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಮಳೆ ಧೂಳು ತಾಗೋದಿಲ್ಲ, ನೆಲ ತಗ್ಗು, ಒಬ್ಬರೇ ಹತ್ತಿಸಬಹುದು. ಬೈಕನ್ನು ಒಳಗಿಟ್ಟು ರಾತ್ರಿ ಬೀಗ ಹಾಕಬಹುದು, ಇದು ಬೇರೆ ಯಾವ ಗಾಡಿಯಲ್ಲೂ ಸಿಗದ ಅನುಕೂಲ. ಆದರೆ ಮುಂದಿನ ಚಕ್ರ ಬಿಚ್ಚಬೇಕಾಗಿ ಬರಬಹುದು. ಹಾಗೆ ಬಿಚ್ಚಿದಾಗ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಯಾರಾದರೂ ತಿಳಿಯದೆ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡುಗಳು ಕೂಡಿಕೊಂಡುಬಿಡುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗೋದಿಲ್ಲ, ಬೆಳಗಿನ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಇನ್ನೊಂದು ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಮುಚ್ಚಿದ ವ್ಯಾನಿನಲ್ಲಿ ಪೆಟ್ರೋಲ್ ಇರುವ ಬೈಕ್ ಇಟ್ಟುಕೊಂಡು ಪ್ರಯಾಣ ಮಾಡಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಿಟಕಿ ತೆರೆದಿಡಿ, ಒಳಗೆ ಯಾರೂ ಬೀಡಿ ಸಿಗರೇಟ್ ಹಚ್ಚಬಾರದು. ಪೆಟ್ರೋಲ್ ವಾಸನೆ ಬಂದ ತಕ್ಷಣ ಗಾಡಿ ನಿಲ್ಲಿಸಿ, ಎಲ್ಲರೂ ಇಳಿದು, ಬಾಗಿಲು ತೆರೆದು ನೋಡಿ. ಬೈಕನ್ನು ಮಲಗಿಸಿ ಒಯ್ಯೋದಂತೂ ಕೂಡದು.

ಕಾರಿನ ಹಿಂದಿನ ಕ್ಯಾರಿಯರ್. ವಿದೇಶದ ವಿಡಿಯೊಗಳಲ್ಲಿ ಕಾರಿನ ಹಿಂದೆ ಅಡ್ಡ ರ‍್ಯಾಕ್ ಹಾಕಿ ಟ್ರಯಲ್ಸ್ ಬೈಕ್ ನಿಲ್ಲಿಸಿಕೊಂಡು ಹೋಗೋದನ್ನು ನೋಡಿ ತುಂಬ ಜನ ಕೇಳುತ್ತಾರೆ. ಆ ದೇಶಗಳಲ್ಲೂ ಟೋ ಬಾರ್ (ಟ್ರೇಲರ್ ಎಳೆಯುವ ಕೊಕ್ಕೆ) ಮೇಲೆ ನೇರ ಕೆಳಕ್ಕೆ ಎಷ್ಟು ಭಾರ ಹಾಕಬಹುದು ಅನ್ನೋದಕ್ಕೆ ಮಿತಿ ಇದೆ, ಅನೇಕ ಕಾರುಗಳಿಗೆ ಅದು 50ರಿಂದ 75 ಕೆ.ಜಿ. ಮಾತ್ರ. ಬೈಕೇ 70, ಮೇಲೆ ರ‍್ಯಾಕಿನ ತೂಕ. ಅಲ್ಲಿಗೆ ಮಿತಿ ದಾಟಿತು. ನಮ್ಮಲ್ಲಿ ಅಂಗಡಿಯಲ್ಲಿ ಹಾಕಿಸುವ ಕೊಕ್ಕೆ ಕಾರಿನ ಚಾಸಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನೋದೇ ಅನುಮಾನ. ಭಾರ ಹಿಂದಿನ ಚಕ್ರಕ್ಕಿಂತ ಆಚೆ ನೇತಾಡುವುದರಿಂದ ಕಾರಿನ ಮುಂಭಾಗ ಹಗುರಾಗುತ್ತದೆ, ಸ್ಟೇರಿಂಗ್ ಸಡಿಲ ಅನ್ನಿಸುತ್ತದೆ. ಬೇಡ.

ಸಣ್ಣ ಟ್ರೇಲರ್. ಎತ್ತರ ಕಡಿಮೆ, ಹತ್ತಿಸೋದು ಸುಲಭ. ಆದರೆ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಹಾಗೇ ರಸ್ತೆಗೆ ಇಳಿಸುವಂತಿಲ್ಲ. ಕಾಗದ ಸರಿಯಿದ್ದು ಬಳಸುವುದಾದರೆ ಟ್ರೇಲರಿನ ಒಟ್ಟು ತೂಕದ 5ರಿಂದ 10 ಪರ್ಸೆಂಟ್ ಕೊಕ್ಕೆಯ ಮೇಲೆ ಇರುವಂತೆ ಬೈಕನ್ನು ಮುಂದಕ್ಕೆ ಇಡಿ. ಭಾರ ಹಿಂದಕ್ಕೆ ಹೋದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ. ಆಗ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ನಿಧಾನ ಆಗಲು ಬಿಡಿ.

ಟ್ರ್ಯಾಕ್ಟರ್ ಟ್ರಾಲಿ. ಹೈವೇ ಬದಿಯಿಂದ ಕ್ವಾರಿಯವರೆಗಿನ ಕೊನೇ ಕೆಸರು ದಾರಿಗೆ ಇದಕ್ಕಿಂತ ನಂಬಿಕಸ್ತ ಗಾಡಿ ಇಲ್ಲ. ಕುಲುಕಾಟ ಮಾತ್ರ ಜಾಸ್ತಿ, ಹಾಗಾಗಿ ದೂರಕ್ಕೆ ಬೇಡ.

ರೈಲು ಪಾರ್ಸೆಲ್. ಬೇರೆ ರಾಜ್ಯದ ಈವೆಂಟಿಗೆ ಮಾತ್ರ ಯೋಚಿಸಿ. ಟ್ಯಾಂಕ್ ಖಾಲಿ ಇರಲೇಬೇಕು. ಆರ್‌ಸಿ ಕೇಳುತ್ತಾರೆ, ನಿಮ್ಮ ಬೈಕಿಗೆ ಅದು ಇಲ್ಲ. ಆದ್ದರಿಂದ ಬೈಕಿನ ಬಿಲ್ ಹಿಡಿದು ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ ಮಾತಾಡಿಕೊಂಡು ಬನ್ನಿ. ಈವೆಂಟಿನ ಹಿಂದಿನ ದಿನ ಸ್ಟೇಷನ್ನಿಗೆ ಹೋಗಿ ನಿಂತರೆ ಕೆಲಸ ಆಗೋದಿಲ್ಲ.

ಹಂತ 5: ಬಾಡಿಗೆ ಮಾತಾಡುವಾಗ

ಬರೀ "ಎಷ್ಟಾಗುತ್ತೆ ಅಣ್ಣಾ" ಅಂತ ಕೇಳಿ ಫೋನ್ ಇಡಬೇಡಿ. ಹೋಗಿ ಬರೋದೂ ಸೇರಿದೆಯಾ, ದಿನವೆಲ್ಲ ಕಾಯಲು ಎಷ್ಟು, ಟೋಲ್ ಯಾರದು, ಮಣ್ಣು ದಾರಿಗೆ ಬರ್ತೀರಾ, ಹತ್ತಿಸಲು ಕೈ ಕೊಡ್ತೀರಾ, ಇಷ್ಟನ್ನು ಬಿಡಿಸಿ ಮಾತಾಡಿ. ಗಾಡಿ ಹಳದಿ ಬೋರ್ಡೇ ಆಗಿರಲಿ. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ದಾರಿಯಲ್ಲಿ ಹಿಡಿದರೆ ನಿಮ್ಮ ಈವೆಂಟ್ ಅಲ್ಲೇ ಮುಗಿಯುತ್ತದೆ.

ಕೋಲಾರ, ಚಿಂತಾಮಣಿ ಕಡೆಯವರು ಟೊಮೆಟೊ ಸೀಸನ್ ಗಮನದಲ್ಲಿಡಿ. ಎಪಿಎಂಸಿಗೆ ಕ್ರೇಟ್ ಹೊಡೆಯುವ ಹೊತ್ತಿನಲ್ಲಿ ಬೆಳಗಿನ ಜಾವ ಗಾಡಿ ಸಿಗೋದೇ ಕಷ್ಟ. ಸಿಕ್ಕಿದರೂ ಬಾಡಿಯ ತಗಡಿನ ಮೇಲೆ ಒಡೆದ ಹಣ್ಣಿನ ರಸ, ಸಿಪ್ಪೆ, ಬೀಜ ಅಂಟಿಕೊಂಡಿರುತ್ತದೆ. ಅದರ ಮೇಲೆ ಟೈರ್ ಇಟ್ಟರೆ ಎಣ್ಣೆ ಮೇಲೆ ಇಟ್ಟ ಹಾಗೆ ಜಾರುತ್ತದೆ, ನಿಮ್ಮ ಕಾಲೂ ಜಾರುತ್ತದೆ. ಹಿಂದಿನ ಸಂಜೆಯೇ ನೀರು ಹಾಕಿ ತೊಳೆದು ಒಣಗಿಸಿ ತರಲು ಹೇಳಿ. ಆಗಲಿಲ್ಲ ಅಂದರೆ ಒಣ ಮಣ್ಣು ಎರಚಿ ಗುಡಿಸಿ, ಚಕ್ರ ನಿಲ್ಲುವ ಕಡೆ ಗೋಣಿಚೀಲ ಹಾಸಿ.

ಬೈಕಿನ ಬಿಲ್, ಹೊರದೇಶದಿಂದ ತರಿಸಿದ್ದಾದರೆ ಕಸ್ಟಮ್ಸ್ ಕಾಗದಗಳ ಪ್ರತಿ, ಈವೆಂಟಿನ ನೋಂದಣಿ ಕಾಗದ, ಇವಿಷ್ಟು ಡ್ರೈವರ್ ಪಕ್ಕದಲ್ಲೇ ಇರಲಿ. ನಂಬರ್ ಪ್ಲೇಟ್ ಇಲ್ಲದ ಬೈಕ್ ಕಂಡರೆ ಪೊಲೀಸರು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ. ಕಾಗದ ತೋರಿಸಿದರೆ ಮಾತು ಮುಗಿಯುತ್ತದೆ.

ಹಂತ 6: ಬೇಕಾಗುವ ಸಾಮಾನು

ನಾಲ್ಕು ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವಂಥವು), ಒಂದಿಂಚು ಅಗಲದವು ಸಾಕು. ನಾಲ್ಕು ಮೆತ್ತನೆಯ ಲೂಪ್ ಪಟ್ಟಿ, ಬೆಲ್ಟಿನ ಕಬ್ಬಿಣದ ಕೊಕ್ಕೆ ನೇರವಾಗಿ ಬೈಕಿಗೆ ತಾಗದಿರಲು. ಹತ್ತಿಸುವ ಹಲಗೆ ಎರಡು, ಒಂದು ಬೈಕಿಗೆ, ಇನ್ನೊಂದು ನೀವು ನಡೆಯಲು. ಹಳೇ ಸೈಕಲ್ ಟ್ಯೂಬಿನ ತುಂಡುಗಳು, ಎರಡು ಗೋಣಿಚೀಲ, ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು. ಗಾಳಿ ಪಂಪು ಮತ್ತು ಕಡಿಮೆ ಒತ್ತಡ ಸರಿಯಾಗಿ ತೋರಿಸುವ ಗೇಜು. ಒಂದು ಬಿಡಿ ಕ್ಲಚ್ ಲಿವರ್, ಒಂದು ಬ್ರೇಕ್ ಲಿವರ್.

ಹಲಗೆಯ ಉದ್ದದಲ್ಲಿ ಜಿಪುಣತನ ಬೇಡ. ಗಾಡಿಯ ನೆಲ ಎರಡೂವರೆ ಅಡಿ ಎತ್ತರ ಇದ್ದರೆ ಆರಡಿ ಹಲಗೆ ಸುಮಾರು 25 ಡಿಗ್ರಿ ಏರು ಕೊಡುತ್ತದೆ. ಎಂಟಡಿಯದಾದರೆ ಸುಮಾರು 18. ಅಂಕಿಯಲ್ಲಿ ವ್ಯತ್ಯಾಸ ಸಣ್ಣದು, ಸುಸ್ತಾದ ತೋಳಿಗೆ ಅದು ದೊಡ್ಡದೇ.

ನೈಲಾನ್ ಹಗ್ಗದಲ್ಲೇ ಕಟ್ಟುತ್ತೇವೆ ಅನ್ನುವವರು ಇದ್ದಾರೆ. ಡ್ರೈವರ್ ಹಾಕುವ ಲಾರಿ ಗಂಟು ಮೂಟೆಗೆ ಚೆನ್ನಾಗಿ ನಿಲ್ಲುತ್ತದೆ, ಯಾಕೆಂದರೆ ಮೂಟೆ ಒಮ್ಮೆ ಕೂತರೆ ಕೂತಿತು. ಬೈಕಿಗೆ ಸಸ್ಪೆನ್ಷನ್ ಇದೆ. ಅದು ಪ್ರತಿ ಹಂಪ್ಸಿಗೂ ಮೇಲೆ ಕೆಳಗೆ ಆಡುತ್ತದೆ, ಹಗ್ಗ ಹಿಗ್ಗುತ್ತದೆ, ಮಳೆ ಬಿದ್ದರೆ ಇನ್ನೂ ಹಿಗ್ಗುತ್ತದೆ. ಹಿಂದಿನ ಚಕ್ರಕ್ಕೆ ಬೇಕಾದರೆ ಹಗ್ಗ ಬಳಸಿ. ಮುಂಭಾಗಕ್ಕೆ ಬೆಲ್ಟೇ ಬೇಕು.

ಹಂತ 7: ಹತ್ತಿಸುವ ಮುಂಚೆ ಬೈಕ್ ತಯಾರಿ

ಪೆಟ್ರೋಲ್ ಟ್ಯಾಪ್ ಮುಚ್ಚಿ. ಟ್ಯಾಂಕಿನ ಮುಚ್ಚಳದ ಗಾಳಿ ಪೈಪು ಮಡಚಿಕೊಂಡಿಲ್ಲ ಅಂತ ನೋಡಿ. ಸೈಲೆನ್ಸರ್ ತಣ್ಣಗಾಗಲಿ. ಬಿಸಿ ಸೈಲೆನ್ಸರಿಗೆ ಬೆಲ್ಟ್ ತಾಗಿದರೆ ಕರಗಿ ಹೋಗುತ್ತದೆ.

ಟೈರ್ ಗಾಳಿ ಮುಖ್ಯ. ಟ್ರಯಲ್ಸ್ ಓಡಿಸುವಾಗ ಹಿಂದಿನ ಟೈರಿನಲ್ಲಿ ಗಾಳಿಯ ಒತ್ತಡ 4-5 ಪಿಎಸ್‌ಐ ಮಾತ್ರ ಇರುತ್ತದೆ. ಅಷ್ಟು ಮೆತ್ತಗಿರುವಾಗ ಬೆಲ್ಟ್ ಎಳೆದರೆ ಎಳೆತದಲ್ಲಿ ಒಂದು ಪಾಲನ್ನು ಟೈರೇ ನುಂಗುತ್ತದೆ. ಗಾಡಿ ಕುಲುಕಿದಂತೆ ಟೈರ್ ಇನ್ನಷ್ಟು ಚಪ್ಪಟೆಯಾಗುತ್ತದೆ, ಬೆಲ್ಟ್ ಸಡಿಲ ಬೀಳುತ್ತದೆ. "ಗಟ್ಟಿಯಾಗೇ ಕಟ್ಟಿದ್ದೆವು" ಅನ್ನುವ ದೂರುಗಳಲ್ಲಿ ಬಹಳಷ್ಟರ ಮೂಲ ಇದೇ. ಸಾಗಿಸುವಾಗ ಎರಡೂ ಟೈರಿಗೆ 10-12 ಪಿಎಸ್‌ಐ ಹಾಕಿ, ಈವೆಂಟಿನಲ್ಲಿ ಇಳಿಸಿಕೊಳ್ಳಿ.

ಹಂತ 8: ಹತ್ತಿಸೋದು

1. ಗಾಡಿಯನ್ನು ಸಮತಟ್ಟು ಜಾಗದಲ್ಲಿ ಅಥವಾ ದಿಣ್ಣೆಗೆ ಹಿಂಬದಿ ಕೊಟ್ಟು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

2. ಹಲಗೆಯ ಮೇಲ್ತುದಿಯನ್ನು ಗಾಡಿಗೆ ಬೆಲ್ಟಿನಿಂದ ಬಿಗಿಯಿರಿ. ಇದನ್ನು ಬಿಡುವವರೇ ಜಾಸ್ತಿ. ಹಿಂದಿನ ಚಕ್ರ ಹಲಗೆ ಮೇಲೆ ಬಂದು ತಿರುಗಿದ ಕೂಡಲೇ ಹಲಗೆಯನ್ನು ಹಿಂದಕ್ಕೆ ಒದೆಯುತ್ತದೆ. ಬೈಕ್ ಅರ್ಧ ಮೇಲೆ, ಅರ್ಧ ಕೆಳಗೆ, ನೀವು ಅದರಡಿ.

3. ಅಭ್ಯಾಸ ಇಲ್ಲದವರು ಎಂಜಿನ್ ಆಫ್ ಮಾಡಿ ತಳ್ಳಿ. ಬೈಕನ್ನು ಒಂದನೇ ಗೇರಿನಲ್ಲಿ ಇಡಿ, ಕ್ಲಚ್ ಹಿಡಿದು ತಳ್ಳಿ. ಮಧ್ಯದಲ್ಲಿ ನಿಲ್ಲಬೇಕಾದರೆ ಕ್ಲಚ್ ಬಿಡಿ, ಹಿಂದಿನ ಚಕ್ರ ಕಚ್ಚಿ ನಿಲ್ಲುತ್ತದೆ. ಎಲ್ಲರ ಕೈ ಮೊದಲು ಹೋಗೋದು ಮುಂದಿನ ಬ್ರೇಕಿಗೆ. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಇರುವುದರಿಂದ ಮುಂದಿನ ಚಕ್ರ ಬರೀ ಜಾರುತ್ತದೆ, ಬೈಕ್ ಹಿಂದಕ್ಕೆ ಬರುತ್ತಲೇ ಇರುತ್ತದೆ. ಈ ಕ್ಲಚ್ ಉಪಾಯವನ್ನು ಮನೆ ಮುಂದಿನ ಇಳಿಜಾರಿನಲ್ಲಿ ಎರಡು ಮೂರು ಸಲ ಮಾಡಿ ಕೈಗೆ ರೂಢಿ ಮಾಡಿಕೊಳ್ಳಿ.

4. ಸಹಾಯಕ್ಕೆ ಇರುವವರು ಹಿಂದಿನಿಂದ ಮಡ್‌ಗಾರ್ಡ್ ಹಿಡಿದು ತಳ್ಳದಿರಲಿ, ಅದು ಬರೀ ಪ್ಲಾಸ್ಟಿಕ್. ಬೈಕಿನ ಇನ್ನೊಂದು ಬದಿಯಲ್ಲಿ ನಿಂತು ಫ್ರೇಮ್ ಹಿಡಿಯಲಿ. ನೇರ ಹಿಂದೆ ಯಾರೂ ನಿಲ್ಲಬಾರದು.

ಹಂತ 9: ಕಟ್ಟೋದು

ಒಂದೇ ಬೈಕಾದರೆ ಮುಂದಿನ ಚಕ್ರವನ್ನು ಬಾಡಿಯ ಮುಂದಿನ ತಗಡಿಗೆ, ಸರಿಯಾಗಿ ಮಧ್ಯಕ್ಕೆ ತಾಗಿಸಿ. ನಡುವೆ ಗೋಣಿಚೀಲ ಇಡಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಬೇಡಿ. ಟ್ರಯಲ್ಸ್ ಬೈಕಿನ ಸ್ಟ್ಯಾಂಡ್ ಕಡ್ಡಿಯಷ್ಟೇ ದಪ್ಪ, ಬೆಲ್ಟಿನ ಭಾರ ಬಿದ್ದರೆ ಬಗ್ಗುತ್ತದೆ ಅಥವಾ ಅದರ ಬೋಲ್ಟೇ ಕಿತ್ತು ಬರುತ್ತದೆ. ಬೈಕ್ ನೆಟ್ಟಗೆ ನಿಲ್ಲಬೇಕು, ಸ್ಟ್ಯಾಂಡ್ ಮಡಚಿರಬೇಕು.

ಮೆತ್ತನೆ ಲೂಪನ್ನು ಹಾಕಬೇಕಾದ ಜಾಗ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ಕೊಳವೆಗಳನ್ನು ಹಿಡಿದಿರುವ ಕೆಳಗಿನ ಕ್ಲಾಂಪ್. ಹ್ಯಾಂಡಲ್ ತುದಿಗೆ ಹಾಕಿದರೆ ಹ್ಯಾಂಡಲ್ ತಿರುಚಿಕೊಳ್ಳುತ್ತದೆ, ಗ್ರಿಪ್ ಹರಿಯುತ್ತದೆ, ಬೆಲ್ಟ್ ಜಾರಿ ಲಿವರ್ ಮೇಲೆ ಕೂತು ಮುರಿಯುತ್ತದೆ. ಲೂಪ್ ಹಾಕಿದ ಮೇಲೆ ಬ್ರೇಕಿನ ಪೈಪು, ವೈರು ಅದರಡಿ ಸಿಕ್ಕಿಲ್ಲ ಅಂತ ಬೆರಳು ಆಡಿಸಿ ನೋಡಿ.

ಎರಡು ಮುಂದಿನ ಬೆಲ್ಟುಗಳು ಕೆಳಕ್ಕೆ, ಮುಂದಕ್ಕೆ, ಹೊರಕ್ಕೆ ಎಳೆಯಬೇಕು. ಹತ್ತಿರ ಹತ್ತಿರ 45 ಡಿಗ್ರಿ. ತೀರಾ ನೇರ ಕೆಳಕ್ಕೆ ಎಳೆದರೆ ಬೈಕ್ ಪಕ್ಕಕ್ಕೆ ಓಲಾಡುತ್ತದೆ. ಗಾಡಿಯ ಕೊಕ್ಕೆಗಳು ಬಾಡಿಯ ಹೊರಗೆ ಇದ್ದು ಬೆಲ್ಟ್ ಪಕ್ಕದ ತಗಡಿನ ಅಂಚು ದಾಟಬೇಕಾದರೆ ಆ ಅಂಚಿಗೆ ಟ್ಯೂಬಿನ ತುಂಡು ಸುತ್ತಿ. ತಗಡಿನ ಅಂಚು ಬೆಲ್ಟನ್ನು ಕೊಯ್ಯುವುದು ಕಣ್ಣಿಗೆ ಕಾಣೋದಿಲ್ಲ. ಕಂಡಾಗ ಅರ್ಧ ಹರಿದಿರುತ್ತದೆ.

ಬಿಗಿಯುವಾಗ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಮತ್ತೆ ಎಡಕ್ಕೆ. ಒಬ್ಬರು ಹಿಂದೆ ನಿಂತು ಬೈಕ್ ನೆಟ್ಟಗಿದೆಯಾ ಅಂತ ನೋಡುತ್ತಿರಲಿ. ಫೋರ್ಕ್ ತನ್ನ ಓಟದ ಮೂರನೇ ಒಂದು ಭಾಗ ಕೆಳಗಿಳಿದರೆ ಸಾಕು, ಅಂದರೆ ಐದಾರು ಸೆಂಟಿಮೀಟರ್. ಪೂರ್ತಿ ತಳ ಮುಟ್ಟುವಂತೆ ಬಿಗಿದರೆ ಹಂಪ್ಸಿನ ಪೆಟ್ಟು ತಿನ್ನಲು ಫೋರ್ಕಿನಲ್ಲಿ ಜಾಗವೇ ಉಳಿಯೋದಿಲ್ಲ, ಆಯಿಲ್ ಸೀಲ್ ಹೋಗುತ್ತದೆ. ತೀರಾ ಸಡಿಲ ಬಿಟ್ಟರೆ ಹಂಪ್ಸ್ ಮೇಲೆ ಫೋರ್ಕ್ ಇಳಿದಾಗ ಕೊಕ್ಕೆ ಕಳಚಿ ಬೀಳುತ್ತದೆ.

ಹಿಂದಿನ ಎರಡು ಬೆಲ್ಟುಗಳ ಕೆಲಸ ಬೇರೆ. ಹಿಂದಿನ ಚಕ್ರ ಪಕ್ಕಕ್ಕೆ ಕುಣಿಯದಂತೆ ತಡೆದರೆ ಸಾಕು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೆ ಅಥವಾ ಫುಟ್‌ರೆಸ್ಟಿನ ಬುಡಕ್ಕೆ ಲೂಪ್ ಹಾಕಿ ಎರಡೂ ಕಡೆಗೆ ಸಾಧಾರಣ ಬಿಗಿಯಿರಿ. ಹಿಂದಿನ ಮಡ್‌ಗಾರ್ಡ್ ಮೇಲಿಂದ ಬೆಲ್ಟ್ ಹಾಯಿಸಬೇಡಿ.

ಬೆಲ್ಟಿಗೆ ಒಂದು ಸುತ್ತು ತಿರುವು ಕೊಟ್ಟರೆ ಗಾಳಿಗೆ ಪಟಪಟ ಬಡಿಯೋದು ನಿಲ್ಲುತ್ತದೆ. ಉಳಿದ ತುದಿಯನ್ನು ಗಂಟು ಹಾಕಿ. ಕೊನೆಗೆ ಫ್ರೇಮ್ ಹಿಡಿದು ಬೈಕನ್ನು ಜೋರಾಗಿ ಅಲ್ಲಾಡಿಸಿ. ಬೈಕಿನ ಜೊತೆ ಇಡೀ ಗಾಡಿ ಅಲ್ಲಾಡಿದರೆ ಸರಿಯಾಗಿ ಕಟ್ಟಿದ್ದೀರಿ. ಬೈಕ್ ಮಾತ್ರ ಅಲ್ಲಾಡಿದರೆ ಮತ್ತೆ ಬಿಚ್ಚಿ ಕಟ್ಟಿ.

ಹಂತ 10: ದಾರಿಯಲ್ಲಿ

"ನಾನು ಹಿಂದೆ ಕೂತು ಹಿಡ್ಕೊಳ್ತೀನಿ ಬಿಡಿ." ಈ ಮಾತನ್ನು ಪ್ರತಿ ಗುಂಪಿನಲ್ಲೂ ಒಬ್ಬರು ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಗೂಡ್ಸ್ ಗಾಡಿಯ ಬಾಡಿಯಲ್ಲಿ ಜನ ಕೂರುವಂತಿಲ್ಲ. ಅಪಘಾತ ಆದರೆ ಹಿಂದೆ ಕೂತವರಿಗೆ ಇನ್ಶೂರೆನ್ಸ್ ಸಿಗೋದೂ ಕಷ್ಟ. 70 ಕೆ.ಜಿ. ಬೈಕ್ ಮಗುಚಿದರೆ ಹಿಡಿಯಲು ಆಗೋದಿಲ್ಲ, ಕಾಲ ಮೇಲೆ ಬೀಳುತ್ತದೆ. ಕೈಯಿಂದ ಹಿಡಿಯಬೇಕು ಅನ್ನಿಸಿತು ಅಂದರೆ ಕಟ್ಟಿರುವುದು ಸರಿಯಿಲ್ಲ ಅಂತ ಅರ್ಥ.

ಮೊದಲ 10-15 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಲೇಬೇಕು. ಬೆಲ್ಟ್ ಸಡಿಲ ಆಗೋದು ಹೆಚ್ಚಾಗಿ ಈ ಶುರುವಿನ ದಾರಿಯಲ್ಲೇ. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಕಡೆ ಹೋಗುವವರು ಪೆರೇಸಂದ್ರಕ್ಕೆ ಮುಂಚೆಯೇ, ಕೋಲಾರದಿಂದ ಬೆಂಗಳೂರು ಕಡೆ ಬರುವವರು ನರಸಾಪುರದಲ್ಲಿ, ತುಮಕೂರಿನಿಂದ ಹೊರಟವರು ಕ್ಯಾತ್ಸಂದ್ರ ದಾಟಿದ ಮೇಲೆ ಟೀ ಅಂಗಡಿ ಹತ್ತಿರ ನಿಲ್ಲಿಸಿ. ಟೀ ಆಮೇಲೆ, ಬೆಲ್ಟ್ ಮೊದಲು. ಮಧುಗಿರಿ, ಗೌರಿಬಿದನೂರು ಕಡೆಯ ಒಳದಾರಿಯಾದರೆ ಊರೂರಿಗೂ ಹಂಪ್ಸ್ ಇರುತ್ತದೆ, ಇನ್ನೊಂದೆರಡು ಸಲ ಜಾಸ್ತಿ ನೋಡಿ. ಡ್ರೈವರಿಗೆ ಮೊದಲೇ ಹೇಳಿ: "ಅಣ್ಣಾ, ಹಂಪ್ಸಲ್ಲಿ ನಿಧಾನ, ಲೋಡು ಕಮ್ಮಿ ಇದೆ ಅಂತ ಎಗರಿಸಬೇಡಿ."

ಎಚ್ಚರಿಕೆಯ ಗುರುತುಗಳು ಇವು. ಕನ್ನಡಿಯಲ್ಲಿ ಹ್ಯಾಂಡಲ್ ಒಂದು ಕಡೆ ವಾಲಿದಂತೆ ಕಂಡರೆ, ಹಂಪ್ಸ್ ದಾಟಿದ ಮೇಲೆ ಟಕ್ ಅಂತ ಕಬ್ಬಿಣ ಬಡಿದ ಸದ್ದು ಬಂದರೆ, ಬೆಲ್ಟಿನ ತುದಿ ಹಾರಾಡುತ್ತಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಮುಂದಿನ ಊರಿನವರೆಗೆ ಕಾಯಬೇಡಿ. ಎಡಕ್ಕೆ ತೆಗೆದು ಇಂಡಿಕೇಟರ್ ಹಾಕಿ ನಿಲ್ಲಿಸಿ.

ಹಂತ 11: ಇಳಿಸೋದು, ವಾಪಸ್ ಕಟ್ಟೋದು

ಇಳಿಸುವಾಗ ಮೊದಲು ಹಿಂದಿನ ಬೆಲ್ಟುಗಳು, ಆಮೇಲೆ ಮುಂದಿನವು. ಮುಂದಿನ ರಾಚೆಟ್ ಬಿಡಿಸುವಾಗ ಒತ್ತಿಕೊಂಡಿದ್ದ ಫೋರ್ಕ್ ದಿಢೀರ್ ಮೇಲೆ ಬರುತ್ತದೆ, ಒಬ್ಬರು ಬೈಕ್ ಹಿಡಿದಿರಲೇಬೇಕು. ಒಬ್ಬರೇ ಇದ್ದರೆ ಒಂದು ಬದಿಯನ್ನು ಪೂರ್ತಿ ಬಿಚ್ಚುವ ಮುಂಚೆ ಬೈಕನ್ನು ನಿಮ್ಮ ಸೊಂಟಕ್ಕೆ ಒರಗಿಸಿಕೊಳ್ಳಿ. ಹಲಗೆ ಮೇಲೆ ಹಿಂದಕ್ಕೆ ಇಳಿಸುವಾಗಲೂ ಅದೇ ಕ್ಲಚ್ ಉಪಾಯ: ಎಂಜಿನ್ ಆಫ್, ಗೇರಿನಲ್ಲಿ, ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಹಿಡಿದು ಬಿಡುತ್ತಾ ಬನ್ನಿ.

ಇಳಿಸಿದ ಕೂಡಲೇ ಟೈರ್ ಗಾಳಿ ಇಳಿಸಿ, ಲಿವರುಗಳು ತಮ್ಮ ಜಾಗದಲ್ಲಿವೆಯೇ ನೋಡಿ, ಹ್ಯಾಂಡಲ್ ನೇರ ಇದೆಯೇ ನೋಡಿ, ಮುಂದಿನ ಬ್ರೇಕ್ ಒತ್ತಿ ನೋಡಿ. ಫೋರ್ಕಿನ ಕೊಳವೆ ಮೇಲೆ ಎಣ್ಣೆಯ ಉಂಗುರ ಮೂಡಿದ್ದರೆ ಸೀಲ್ ಸೋರಲು ಶುರುವಾಗಿದೆ. ಬಟ್ಟೆಯಲ್ಲಿ ಒರೆಸಿ, ಒಂದು ಸುತ್ತು ಓಡಿಸಿ ಮತ್ತೆ ನೋಡಿ. ಮತ್ತೆ ಎಣ್ಣೆ ಬಂದರೆ ಮುಂದಿನ ಸಲ ಬೆಲ್ಟನ್ನು ಇನ್ನೂ ಕಡಿಮೆ ಬಿಗಿಯಬೇಕು, ಸೀಲ್ ಬದಲಾಯಿಸಲೂ ಬೇಕು.

ಸಂಜೆ ವಾಪಸ್ ಹೊರಡುವಾಗ ಬೈಕಿಗೆ ಕೆಸರು ಮೆತ್ತಿಕೊಂಡಿರುತ್ತದೆ. ಕೆಸರಿನ ಮೇಲೆಯೇ ಲೂಪ್ ಕಟ್ಟಿದರೆ ಎರಡು ತೊಂದರೆ: ಮಣ್ಣು ಒಣಗಿ ಉದುರಿದಂತೆ ಲೂಪ್ ಸಡಿಲವಾಗುತ್ತದೆ, ಒಳಗೆ ಸಿಕ್ಕ ಮರಳು ಪೇಂಟನ್ನೂ ಕೊಳವೆಯನ್ನೂ ಉಜ್ಜುತ್ತದೆ. ಕಟ್ಟುವ ನಾಲ್ಕು ಜಾಗಗಳನ್ನಾದರೂ ಬಾಟಲಿ ನೀರಿನಲ್ಲಿ ತೊಳೆದು ಒರೆಸಿ. ಟೈರಿಗೆ ಮತ್ತೆ 10-12 ಗಾಳಿ ಹಾಕಿ. ಕತ್ತಲಾಗುವ ಮುಂಚೆ ಕಟ್ಟಿ ಮುಗಿಸಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಹರಿದ ಬೆಲ್ಟ್ ಕಾಣೋದಿಲ್ಲ.

ಮನೆಗೆ ಬಂದ ಮೇಲೆ ಬೆಲ್ಟುಗಳನ್ನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಹಾಕಿ. ರಾಚೆಟ್ಟಿನ ಹಲ್ಲಿಗೆ ಒಂದು ಹನಿ ಎಣ್ಣೆ ಬಿಡಿ. ಅಂಚು ನೂಲು ಬಿಟ್ಟಿರುವ ಅಥವಾ ಬಿಸಿಲಿಗೆ ಬಣ್ಣ ಹೋಗಿ ಒರಟಾದ ಬೆಲ್ಟನ್ನು ಅವತ್ತೇ ಕತ್ತರಿಸಿ ಎಸೆಯಿರಿ. ಚೀಲದಲ್ಲಿ ಉಳಿದರೆ ಮುಂದಿನ ಈವೆಂಟಿನ ಬೆಳಗಿನ ಅವಸರದಲ್ಲಿ ಯಾರಾದರೂ ಅದನ್ನೇ ತೆಗೆದು ಕಟ್ಟುತ್ತಾರೆ.